ಹಿಂದಕ್ಕೆ ನೋಡಿದ ನಂದಿ

"ಐದು ಗಂಟೆ ಮೇಡಂ. ಅದರ ಮೇಲೆ ಒಂದು ನಿಮಿಷಾನೂ ಇಲ್ಲ," ಎಂದು ಸಬ್ ಇನ್ಸ್‌ಪೆಕ್ಟರ್ ಉಗ್ರಪ್ಪ ಗೋಡೆ ಗಡಿಯಾರದ ಕಡೆ ಗಲ್ಲ ಎತ್ತಿ ತೋರಿಸಿದರು. "ಅಷ್ಟರೊಳಗೆ ನಿಮ್ಮ ಹೊಸ ರಿಪೋರ್ಟ್ ಬಂದ್ರೆ ಸರಿ. ಇಲ್ಲಾಂದ್ರೆ ಹಳೇದರ ಮೇಲೇ ರಾಮಯ್ಯನ್ನ ಒಳಗೆ ಹಾಕ್ತೀನಿ."

"ಹಳೇದು ಬರೆದವಳೂ ನಾನೇ ಅಲ್ವಾ?"

"ಅದಕ್ಕೇ ಹೇಳ್ತಿರೋದು. ನೀವು ಬರೆದಿದ್ದನ್ನ ನೀವೇ ಹೊಡೆದು ಹಾಕ್ಬೇಕು."

ಬೇರೆ ಯಾರಾದರೂ ಹೀಗೆ ಅಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಮೂವತ್ತು ವರ್ಷ ಬ್ರೇಕ್ ಇನ್ಸ್‌ಪೆಕ್ಟರ್ ಆಗಿದ್ದವಳು ನಾನು. ನಿವೃತ್ತಿ ಆದಮೇಲೂ ಮನೆಯಲ್ಲಿ ಕೂರಲಾರದೆ, ಇನ್ಶೂರೆನ್ಸ್‌ನವರಿಗಾಗಿ ಅಪಘಾತದ ಗಾಡಿಗಳನ್ನು ಮೂಸಿ ನೋಡುತ್ತಾ ತಿರುಗುತ್ತೇನೆ. ಇಂದ್ರಾಣಿ ಮೇಡಂ ಒಂದು ಮಾತು ಹೇಳಿದರೆ ಮುಗಿಯಿತು ಅನ್ನುತ್ತಾರೆ ಈ ಕಡೆಯ ಗ್ಯಾರೇಜುಗಳಲ್ಲಿ. ಆ ಮಾತು ಕೇಳಿ ಕೇಳಿ ನನಗೂ ತಲೆಗೇರಿತ್ತು.

ವಿಜಯದಶಮಿ ಬೆಳಿಗ್ಗೆ ಕನಕಪುರ ರಸ್ತೆಯ ಇಳಿಜಾರಿನಲ್ಲಿ ಮುಂದಿನ ಎಡಚಕ್ರ ಕಳಚಿಕೊಂಡು ಜಯನಗರದ ವಿಜಯಕುಮಾರ್ ಸತ್ತು ಹನ್ನೆರಡು ದಿನವಾಗಿತ್ತು. ಆ ಚಕ್ರ ಹಾಕಿದವನು ವಸಂತಪುರದ ಮೆಕ್ಯಾನಿಕ್ ರಾಮಯ್ಯ. ಗಾಡಿಯ ಪಕ್ಕ ಅರ್ಧ ಗಂಟೆ ನಿಂತು, "ಮುಂದಿನ ಹಬ್‌ಗಳು ಎಡ ಬಲ ಅದಲು ಬದಲಾಗಿವೆ, ಮೆಕ್ಯಾನಿಕ್‌ನ ನಿರ್ಲಕ್ಷ್ಯ" ಎಂದು ಬರೆದು ಸಹಿ ಹಾಕಿದ್ದೆ. ಅವನಿಗೆ ಫೋನ್ ಮಾಡಿ ಒಂದು ಮಾತು ಕೇಳಿರಲಿಲ್ಲ. ಅಂಥ ಪಳಗಿದ ಕೈ ಎಡ ಬಲ ತಪ್ಪಿಸುತ್ತದಾ ಎಂಬ ಅನುಮಾನ ಆಮೇಲೆ ಕೊರೆಯತೊಡಗಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಆತುರಗಾರ್ತಿಗೂ ಅಷ್ಟೇ.

ಸ್ಟೇಷನ್ ಹಿಂದಿನ ಯಾರ್ಡಿಗೆ ಹೋದೆ. ಕಾನ್‌ಸ್ಟೇಬಲ್ ಮುನಿಯಣ್ಣ ಬಾಗಿಲು ತೆಗೆದ.

"ಇನ್ನೂ ಏನಿದೆ ಮೇಡಂ ಇದರಲ್ಲಿ ನೋಡೋಕೆ?"

"ತಲೆ ತಿನ್ಬೇಡ ಕಣಪ್ಪ. ಜ್ಯಾಕ್ ಕೊಡು."

ನೋಡಿದರೆ ತೊಂಬತ್ತು ವರ್ಷದ ಹಿಂದಿನ ಮಹಾರಾಜರ ಕಾರು. ಅಸಲಿಗೆ ಹಳೇ ಜೀಪಿನ ಚಾಸಿ ಮೇಲೆ ಫೈಬರ್ ಬಾಡಿ ಕೂರಿಸಿದ ಕಿಟ್ ಕಾರು. ಬಿಡಿಬಿಡಿಯಾಗಿ ಬಂದದ್ದನ್ನು ರಾಮಯ್ಯ ಎಂಟು ತಿಂಗಳು ಕೂತು ಜೋಡಿಸಿದ್ದ. ಬೆಲ್ಲದ ಬಣ್ಣ, ಉದ್ದನೆಯ ಮೂತಿ. ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದ ಹೆಬ್ಬೆರಳ ಗಾತ್ರದ ಬೆಳ್ಳಿ ಲಿಂಗ ಅಷ್ಟು ದೊಡ್ಡ ಹೊಡೆತಕ್ಕೂ ಅಲುಗಿರಲಿಲ್ಲ.

ಅದರ ಅಂದವೆಲ್ಲ ಚಕ್ರದಲ್ಲಿ. ಸೈಕಲ್ ಚಕ್ರದ ಹಾಗೆ ತಂತಿ ಕಡ್ಡಿಗಳು, ಬಿಳಿ ಪಟ್ಟಿಯ ಸಣ್ಣ ಟೈರು. ಇಂಥ ಚಕ್ರಕ್ಕೆ ಐದು ನಟ್ಟು ಇರುವುದಿಲ್ಲ. ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಎರಡು ಕಿವಿ. ಕಿವಿಗೆ ತಾಮ್ರದ ಸುತ್ತಿಗೆಯಿಂದ ಹೊಡೆದು ಬಿಗಿಯಬೇಕು, ಹೊಡೆದೇ ಬಿಚ್ಚಬೇಕು. ನಟ್ಟು ಕೂರುವುದು ಚಕ್ರವನ್ನು ಹೊರುವ ನಡುಗುಂಬ, ಅಂದರೆ ಹಬ್‌ನ ಥ್ರೆಡ್ಡಿಗೆ. ಎಡಗಡೆಯ ಥ್ರೆಡ್ ಒಂದು ದಿಕ್ಕಿಗೆ, ಬಲಗಡೆಯದು ಉಲ್ಟಾ. ಸರಿಯಾಗಿ ಹಾಕಿದರೆ ಗಾಡಿ ಓಡಿದಷ್ಟೂ ನಟ್ಟು ಬಿಗಿಯಾಗುತ್ತದೆ. ಎಡ ಬಲ ಬದಲಾದರೆ ಓಡಿದಷ್ಟೂ ಸಡಿಲ.

ನಟ್ಟುಗಳ ಮುಖದ ಮೇಲೆ ಪುಟ್ಟ ನಂದಿ ಕೆತ್ತಿಸಿ, ಮೇಲೆ ನಿಕಲ್ ಪಾಲಿಷ್ ಹಾಕಿಸಿದ್ದರು. ಮೊದಲ ದಿನ ಅದನ್ನು ಅಲಂಕಾರ ಅಂದುಕೊಂಡು ಬಿಟ್ಟಿದ್ದೆ. ಈ ಸಲ ಹಿಂದಿನ ಚಕ್ರ ಎತ್ತಿ, ನಂದಿಯ ಕಾಲು ಕೆಳಗೆ ಬರುವಂತೆ ಕೈಯಿಂದ ತಿರುಗಿಸಿ ನಿಲ್ಲಿಸಿದೆ. ನಂದಿ ಗಾಡಿಯ ಮುಂದಕ್ಕೆ ನೋಡುತ್ತಿತ್ತು. ಆ ಕಡೆಯದೂ ಮುಂದಕ್ಕೇ. ಮುಂದಿನ ಬಲಚಕ್ರ ಎತ್ತಿ ತಿರುಗಿಸಿದೆ.

ಅಲ್ಲಿನ ನಂದಿ ಹಿಂದಕ್ಕೆ ನೋಡುತ್ತಿತ್ತು. ಎಡಗಡೆಯಿಂದ ಕಳಚಿ ಬಿದ್ದು ಚೀಲದಲ್ಲಿದ್ದ ನಟ್ಟನ್ನು ಅದರ ಜಾಗದಲ್ಲಿ ಹಿಡಿದು ನೋಡಿದೆ. ಅದೂ ಹಿಂದಕ್ಕೇ.

ರಾಮಯ್ಯ ಗಾಡಿ ಒಪ್ಪಿಸಿದ ದಿನದ ಫೋಟೋ ಇನ್ಶೂರೆನ್ಸ್‌ನವರು ಕಳಿಸಿದ್ದು ನನ್ನ ಫೋನಿನಲ್ಲಿತ್ತು. ಅದರಲ್ಲಿ ನಟ್ಟುಗಳ ಮೇಲೆ ನಂದಿಯೇ ಇಲ್ಲ, ಇಂಗ್ಲಿಷ್ ಅಕ್ಷರ, ಬಾಣದ ಗುರುತು. ಅಂದರೆ ಗಾಡಿ ಅವನ ಶೆಡ್ ಬಿಟ್ಟ ಮೇಲೆ ಯಾರೋ ಚಕ್ರ ಬಿಚ್ಚಿದ್ದಾರೆ. ಹನ್ನೆರಡು ದಿನದ ಹಿಂದೆ ಚಕ್ರವನ್ನು ಒಂದು ಸುತ್ತು ತಿರುಗಿಸಿದ್ದರೆ ಇದು ಆವತ್ತೇ ಕಾಣುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

* * *

ರಾಮಯ್ಯನ ಶೆಡ್ಡು ಅವರಪ್ಪನ ಕಾಲದ ರಾಗಿ ಹೊಲದಲ್ಲಿ ಉಳಿದ ಕೊನೆಯ ತುಂಡು. ಸುತ್ತಲೂ ಅಪಾರ್ಟ್‌ಮೆಂಟು. ಪೊಲೀಸರು ಕೆಲಸ ನಿಲ್ಲಿಸಿದ ದಿನದಿಂದ ಒಂದು ಸ್ಪ್ಯಾನರನ್ನೂ ಯಾರೂ ಮುಟ್ಟಿರಲಿಲ್ಲ. ಆಯುಧಪೂಜೆಯ ಚೆಂಡುಹೂವು ಗೋಡೆಯ ಹಲಗೆಯ ಮೇಲೆ ಹಾಗೇ ಒಣಗಿತ್ತು.

"ಬನ್ನಿ ಮೇಡಂ," ಎಂದು ರಾಮಯ್ಯನ ಹೆಂಡತಿ ಮುನಿಲಕ್ಷ್ಮಮ್ಮ ಸ್ಟೂಲು ಒರೆಸಿ ಹಾಕಿದರು, ಕಾಫಿ ತಂದುಕೊಟ್ಟರು. ಬೈದಿದ್ದರೆ ವಾಸಿಯಿತ್ತು.

ಅರವತ್ತು ದಾಟಿದ ರಾಮಯ್ಯ ನನ್ನ ಮುಖ ನೋಡದೆ ನೆಲ ನೋಡುತ್ತಿದ್ದ.

"ರಾಮಯ್ಯ, ನಟ್ಟು ಬಿಗಿಯೋದು ಹೇಗೆ? ಹೇಳು ನೋಡೋಣ."

"ಯಾವ ಕಡೆ ಆದ್ರೂ ಅಷ್ಟೇ ಮೇಡಂ. ಮೇಲಿನ ಕಿವಿ ಮುಂದಕ್ಕೆ ಹೋದ್ರೆ ಬಿಚ್ಚುತ್ತೆ, ಹಿಂದಕ್ಕೆ ಹೋದ್ರೆ ಬಿಗಿಯುತ್ತೆ."

"ನಿದ್ದೆಗಣ್ಣಲ್ಲೂ ಹೇಳ್ತೀಯ. ಇಂಥವನು ಎಡ ಬಲ ತಪ್ಪಿಸ್ತಾನಾ?"

"ತಪ್ಪು ನನ್ನದೇ ಮೇಡಂ. ನೀವು ಸರಿಯಾಗೇ ಬರೆದಿದೀರ."

"ನೀನು ಕೊಟ್ಟ ಮೇಲೆ ಚಕ್ರ ಬಿಚ್ಚಿದಾರೆ. ನಟ್ಟಿನ ಮೇಲೆ ನಂದಿ ಇದೆ. ಯಾರು ಬಿಚ್ಚಿದ್ದು?"

"ಯಾರು ಬಿಚ್ಚಿದ್ರೂ ತಪ್ಪು ನನ್ನದೇ," ಎಂದ. ಅಷ್ಟೇ. ಯಾರನ್ನೋ ಕಾಪಾಡುತ್ತಿದ್ದಾನೆ ಎಂಬುದು ನನಗೆ ಸ್ಪಷ್ಟವಾಯಿತು.

ಎದ್ದು ಹಲಗೆಯ ಹತ್ತಿರ ಹೋದೆ. ಅದರ ಮೇಲೆ ಇದ್ದಿಲಿನಲ್ಲಿ ಬರೆದ ನನ್ನದೇ ಫೋನ್ ನಂಬರು, ಕೆಳಗೆ "ಇಂದ್ರಾಣಿ ಮೇಡಂ". ಹತ್ತು ವರ್ಷದ ಹಿಂದೆ ರಾಮಯ್ಯನೇ ಬರೆದುಕೊಂಡದ್ದು. ಏನೇ ಅನುಮಾನ ಬಂದರೂ ಕೇಳು ಅಂದಿದ್ದೆ. ಓದಿ ನಾಚಿಕೆಯಾಯಿತು.

ಸಾಲಾಗಿ ತೂಗುಹಾಕಿದ ಸಾಮಾನುಗಳ ಮೇಲೆಲ್ಲ ಕುಂಕುಮದ ಬೊಟ್ಟು, ಗಂಧ. ಒಂದರ ಮೇಲೆ ಮಾತ್ರ ಇರಲಿಲ್ಲ. ತಾಮ್ರದ ಸುತ್ತಿಗೆ. ಥಳಥಳ ಒರೆಸಿಟ್ಟಿತ್ತು.

"ಇದಕ್ಯಾಕೆ ಪೂಜೆ ಆಗಿಲ್ಲ ಮುನಿಲಕ್ಷ್ಮಮ್ಮ?"

ಅವರು ಗಂಡನ ಮುಖ ನೋಡಿದರು. "ಅದು ಜಯನಗರದ ಯಜಮಾನ್ರು ಇಸ್ಕೊಂಡು ಹೋಗಿದ್ರು ಮೇಡಂ," ಎಂದಷ್ಟೇ ಹೇಳಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಹಬ್ಬಕ್ಕೆ ಸುತ್ತಿಗೆ ಅಲ್ಲೇ ಉಳಿದಿರಬೇಕು ಅಂದುಕೊಂಡೆ. ನಾನು ಹುಡುಕುತ್ತಿದ್ದ ಮನೆ ಸಿಕ್ಕಿತು ಅನಿಸಿತು.

ಹೊರಗೆ ರಾಮಯ್ಯನ ಮಗಳು ಶೃತಿ ನಿಂತಿದ್ದಳು. ಇಪ್ಪತ್ತಾರು ವರ್ಷ. ಆ ನಾಲ್ಕೂ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಳೆದು ಕಟ್ಟಿದವಳು ಅವಳೇ ಎಂದು ಕೇಳಿದ್ದೆ. ಬೆರಳ ತುದಿಗಳೆಲ್ಲ ಕಡ್ಡಿ ಕೊಯ್ದ ಗುರುತು.

"ಮೇಡಂ, ಅಪ್ಪನ್ನ ಬಿಡಿಸಿ. ಅಪ್ಪ ಏನೂ ಮಾಡಿಲ್ಲ."

"ಹೇಗೆ ಹೇಳ್ತೀಯ?"

"ಗೊತ್ತು." ಆಟೋದವರೆಗೂ ಜೊತೆಗೇ ಬಂದಳು. "ನಿಮಗೆ ನನ್ನ ನೆನಪಿದೆಯಾ ಮೇಡಂ?"

"ನಿನ್ನನ್ನ ಲಂಗ ಹಾಕ್ತಿದ್ದಾಗ ನೋಡಿದ್ದು ಕಣಮ್ಮ. ಆಮೇಲೆ ಇವತ್ತೇ."

"ಹೋಗ್ಲಿ ಬಿಡಿ," ಎಂದಳು. ಅವಳ ಕಣ್ಣಲ್ಲಿ ಏನೋ ಇತ್ತು. ಅಳು ಅಂದುಕೊಂಡು ಆಟೋ ಹತ್ತಿದೆ.

* * *

ಜಯನಗರ ನಾಲ್ಕನೇ ಬ್ಲಾಕಿನ ಆ ಮನೆ ತಲುಪಿದಾಗ ನಾಲ್ಕೂ ಕಾಲು. ಹಿಂದಿನ ದಿನವಷ್ಟೇ ಶಿವಗಣಾರಾಧನೆ ಮುಗಿದಿತ್ತು. ಪೋರ್ಟಿಕೋದಲ್ಲಿ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಬಾಡಿಗೆ ಕುರ್ಚಿಗಳ ರಾಶಿ. ಹಾಲಿನಲ್ಲಿ ವಿಜಯಕುಮಾರನ ಫೋಟೋ, ಹಣೆಗೆ ವಿಭೂತಿ.

ಅವನ ತಂದೆ ಶಾಂತವೀರಪ್ಪನವರು ಬಟ್ಟೆ ವ್ಯಾಪಾರದಲ್ಲಿ ಹೆಸರು ಮಾಡಿದವರು. ಎಪ್ಪತ್ತೈದರಲ್ಲೂ ನೆಟ್ಟಗೆ ಕೂರುತ್ತಿದ್ದ ಮನುಷ್ಯ ಈಗ ಕುರ್ಚಿಯಲ್ಲಿ ಅರ್ಧವಾಗಿದ್ದರು.

"ಮೇಡಂ, ಎಲ್ಲಾ ಮುಗೀತಲ್ಲ. ಮತ್ತೇನು?"

"ಮುಗಿದಿಲ್ಲ ಸಾರ್. ಐದು ಗಂಟೆಗೆ ರಾಮಯ್ಯನ್ನ ಅರೆಸ್ಟ್ ಮಾಡ್ತಾರೆ."

ಅವರ ಕೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿಯಿತು.

"ನಟ್ಟಿನ ಮೇಲೆ ನಂದಿ ಕೆತ್ತಿಸಿದ್ದು ಯಾರು?"

"ನಾನು."

"ಅಲ್ಲಿದ್ದ ಅಕ್ಷರ?"

"ತೇಯಿಸಿ ಹಾಕಿಸಿದೆ. ನಮ್ಮ ಮನೆ ಗಾಡಿ ಮೇಲೆ ಬಸವಣ್ಣ ಇರಲಿ, ಇಂಗ್ಲಿಷು ಯಾಕೆ ಅಂತ. ಅದು ಎಡ ಬಲದ ಗುರುತು ಅಂತ ನನಗೇನು ಗೊತ್ತು?"

"ಪಾಲಿಷ್ ಆಗಿ ಬಂದ ಮೇಲೆ ಮತ್ತೆ ಹಾಕಿದ್ದು?"

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಮೆತ್ತಗೆ ಮಾತಾಡಿ. ಒಳಗೆ ನಮ್ಮವಳಿದಾಳೆ."

"ಯಾರು ಹಾಕಿದ್ದು ಸಾರ್?"

"ನಾನೇ. ಹಬ್ಬದ ಹಿಂದಿನ ದಿನ. ನಟ್ಟು ಹಬ್ ಸಮೇತ ಪಾಲಿಷ್ ಆಗಿ ಬಂದಿತ್ತು. ಒಂದು ಕಾಲದಲ್ಲಿ ನನ್ನ ವ್ಯಾನಿಗೆ ನಾನೇ ಎಲ್ಲಾ ಮಾಡ್ಕೋತಿದ್ದೆ. ರಾಮಯ್ಯನ ಸುತ್ತಿಗೆ ತರಿಸ್ಕೊಂಡು, ವಿಜೀನ ಪಕ್ಕ ಕೂರಿಸ್ಕೊಂಡು ನನ್ನ ಕೈಯಾರೆ ಹಾಕಿದೆ. 'ಅಪ್ಪಾಜಿ, ರಾಮಯ್ಯನ್ನ ಕರೀರಿ' ಅಂದ ಅವನು. ನಾನು ಕೇಳ್ಲಿಲ್ಲ." ಅವರು ಮಗನ ಫೋಟೋ ಕಡೆ ತಿರುಗಿದರು. "ನಿಮ್ಮ ರಿಪೋರ್ಟ್ ಓದಿದಾಗ ಗೊತ್ತಾಯ್ತು. ಎಡ ಬಲ ತಪ್ಪಿಸಿದವನು ನಾನು. ನನ್ನ ಮಗನ್ನ ನಾನೇ ಕಳ್ಕೊಂಡೆ ಮೇಡಂ."

"ಗೊತ್ತಿದ್ದೂ ರಾಮಯ್ಯನ ತಲೆ ಮೇಲೆ ಹಾಕಿದ್ರಿ."

"ನಾನು ಹಾಕ್ಲಿಲ್ಲ. ಮಣ್ಣಿಗೆ ಬಂದಿದ್ದ ಅವನು. ಕೈ ಹಿಡ್ಕೊಂಡು 'ತಪ್ಪು ನನ್ನದೇ ಯಜಮಾನ್ರೇ, ನಾನೇ ಒಪ್ಕೋತೀನಿ' ಅಂದ. ನನಗೋಸ್ಕರ ಹಾಗಂತಿದಾನೆ ಅಂದ್ಕೊಂಡೆ. ಬೇಡ ಅನ್ನೋ ಧೈರ್ಯ ಬರ್ಲಿಲ್ಲ. ಇವಳಿಗೆ ಗೊತ್ತಾದ್ರೆ ಬದುಕಲ್ಲ." ಎದ್ದು ನಿಂತರು. "ನಡೀರಿ, ಸ್ಟೇಷನ್‌ಗೆ ಬರ್ತೀನಿ. ನನ್ನ ಹೆಸರು ಬರೀರಿ."

ನಾನೂ ಎದ್ದೆ. ಇದೇ ನನಗೆ ಬೇಕಾಗಿದ್ದದ್ದು. ಆದರೂ ಒಂದು ಮಾತು ಚುಚ್ಚುತ್ತಿತ್ತು.

"ಸುತ್ತಿಗೆ ಯಾವಾಗ ವಾಪಸ್ ಕೊಟ್ರಿ?"

"ಹಬ್ಬದ ಬೆಳಿಗ್ಗೆ ಆರಕ್ಕೇ. ಮುನಿಲಕ್ಷ್ಮಮ್ಮ ಫೋನ್ ಮಾಡಿದ್ರು, ಪೂಜೆ ಹೊತ್ತಿಗೆ ಆಯುಧ ಮನೆಯಲ್ಲಿರ್ಬೇಕು ಅಂತ. ವಿಜೀನೇ ಹೋಗಿ ಕೊಟ್ಟು ಬಂದ."

ಅಲ್ಲಿಗೆ ಸುತ್ತಿಗೆಗೂ ಪೂಜೆ ಆಗಿದೆ, ಕುಂಕುಮ ಇಟ್ಟಿದ್ದಾರೆ. ಪೂಜೆಗಿಟ್ಟ ಆಯುಧವನ್ನು ಮಾರನೇ ದಿನದವರೆಗೆ ಮುಟ್ಟುವ ಹಾಗಿಲ್ಲ, ಮಾರನೇ ದಿನದಿಂದ ಶೆಡ್ಡೇ ಬಂದ್. ಹಾಗಿದ್ದೂ ಆ ಕುಂಕುಮವನ್ನು ಯಾರೋ ಒರೆಸಿದ್ದಾರೆ. ಹಬ್ಬದ ದಿನವೇ ಸುತ್ತಿಗೆ ಎತ್ತಿದ್ದಾರೆ.

"ನೀವು ಹಾಕಿದಾಗ ನಂದಿ ಎತ್ತ ಕಡೆ ನೋಡ್ತಿತ್ತು ಸಾರ್?"

"ಮುಂದಕ್ಕೆ. ಎಡ ಬಲ ಎರಡೂ ಕಡೆ ಮುಂದಕ್ಕೇ ನೋಡ್ಬೇಕು ಅಂತ ಕೆತ್ತೋನಿಗೆ ಹೇಳಿ ಮಾಡಿಸಿದ್ದು."

"ನಾಲ್ಕೂ?"

"ನಾಲ್ಕೂ."

"ಫೋಟೋ ಇದೆ," ಎಂದಿತು ಬಾಗಿಲ ಬಳಿಯ ಒಂದು ದನಿ.

ಅವರ ಹೆಂಡತಿ ಕಮಲಾದೇವಿಯವರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಫೋನು ನನ್ನ ಕೈಗಿಟ್ಟರು. ಆಯುಧಪೂಜೆಯ ಬೆಳಿಗ್ಗೆ, ಚಕ್ರಗಳ ಮುಂದೆ ನಿಂಬೆಹಣ್ಣು, ಸ್ಟೀರಿಂಗ್ ಹಿಡಿದು ನಗುತ್ತಿರುವ ವಿಜಯಕುಮಾರ್. ಮುಂದಿನ ಚಕ್ರದ ನಂದಿ ನೆಟ್ಟಗೆ ನಿಂತು ಮುಂದಕ್ಕೆ ನೋಡುತ್ತಿತ್ತು. ಹಬ್ಬು, ನಟ್ಟು, ಎಲ್ಲ ತಮ್ಮ ತಮ್ಮ ಕಡೆಯಲ್ಲೇ ಇದ್ದವು.

"ಸಾರ್," ಎಂದೆ. "ನೀವು ತಪ್ಪು ಮಾಡಿಲ್ಲ. ಸರಿಯಾಗೇ ಹಾಕಿದೀರ. ಬದಲಾಗಿರೋದು ಪೂಜೆ ಆದಮೇಲೆ."

ಶಾಂತವೀರಪ್ಪನವರು ಕುಸಿದು ಕುಳಿತು ಮಗುವಿನ ಹಾಗೆ ಅತ್ತರು. ಹನ್ನೆರಡು ದಿನ ನುಂಗಿಕೊಂಡ ಅಳು. ರಾಮಯ್ಯ ಕಾಪಾಡುತ್ತಿದ್ದದ್ದು ಇವರನ್ನಲ್ಲ ಎಂದು ನನಗೆ ಆಗ ಹೊಳೆಯಿತು. ಸುತ್ತಿಗೆ ಎತ್ತಿದ್ದು ಅವನ ಶೆಡ್ಡಿನಿಂದಲೇ.

"ಅಮ್ಮ, ಪೂಜೆ ಆದಮೇಲೆ ಗಾಡಿ ಹತ್ತಿರ ಯಾರು ಬಂದಿದ್ರು?"

"ರಾಮಯ್ಯನ ಮಗಳು ಬಂದಿದ್ಲು, ಮಧ್ಯಾಹ್ನ. ಮಾರನೇ ದಿನ ದೂರ ಹೋಗೋದಲ್ವಾ, ಚಕ್ರ ಒಂದ್ಸಲ ನೋಡು ಬಾ ಅಂತ ವಿಜೀನೇ ಕರೆದಿದ್ದ. ಅವನು ಅಂಗಡಿ ಪೂಜೆಗೆ ಹೋದ, ಇವರು ಮಲಗಿದ್ರು. ನಾನು ಕಡಲೆ ಉಸಲಿ ಕೊಟ್ಟು ಮಾತಾಡಿಸ್ತಾ ಕೂತಿದ್ದೆ." ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಆಗಲೇ ಆ ನಂದಿ ತಿರುಗಿಸಿಕೊಟ್ಲು."

ಶಾಂತವೀರಪ್ಪನವರು ತಲೆ ಎತ್ತಿದರು.

"ನಂದಿ ತಿರುಗಿಸಿದ್ಲಾ? ಯಾಕೆ?"

"ನಾನೇ ಹೇಳಿದ್ದು. ಗುಡಿಯಲ್ಲಿ ನಂದಿ ಯಾವತ್ತಾದ್ರೂ ಸ್ವಾಮಿಗೆ ಬೆನ್ನು ಹಾಕ್ತಾನಾ? ಗಾಡಿ ಒಳಗೆ ಲಿಂಗ ಕೂರಿಸಿದೀವಿ. ಹಿಂದಿನ ಎರಡು ಸ್ವಾಮೀನೇ ನೋಡ್ತಿದ್ವು. ಮುಂದಿನ ಎರಡು ಬೆನ್ನು ಹಾಕಿದ್ವು. ನನ್ನ ಮನಸ್ಸಿಗೆ ಸರಿ ಬರ್ಲಿಲ್ಲ. ಮಗ ದೂರ ಹೋಗ್ತಾನೆ, ತಿರುಗಿಸಿ ಹಾಕಮ್ಮ ಅಂದೆ." ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು. "ಅದರಿಂದ ಏನಾದ್ರೂ ಆಯ್ತಾ ತಾಯಿ?"

ಅವರ ಬೆನ್ನ ಹಿಂದೆ ಶಾಂತವೀರಪ್ಪನವರು ನನಗೆ ಎರಡೂ ಕೈ ಜೋಡಿಸಿದ್ದರು. ಹೇಳಬೇಡಿ ಅನ್ನುವ ಹಾಗೆ.

ನಾನು ಉತ್ತರ ಕೊಡದೆ ಬೇರೆ ಪ್ರಶ್ನೆ ಹಾಕಿದೆ. ಅದೂ ಹೇಡಿತನವೇ. "ಅವಳು ತಕ್ಷಣ ಒಪ್ಪಿದ್ಲಾ?"

"ಇಲ್ಲ. ನಟ್ಟು ಆ ಕಡೆ ಕೂರಲ್ಲ ಆಂಟಿ, ಹಬ್‌ಗಳನ್ನೇ ಬದಲಾಯಿಸ್ಬೇಕು, ಹಬ್‌ನ ಕೆಲಸ ಅಪ್ಪ ನನಗೆ ಕಲಿಸಿಲ್ಲ ಅಂದ್ಲು. ಕಡ್ಡಿ ಕಟ್ಟೋದಷ್ಟೇ ಬಿಟ್ಟಿದಾರಂತೆ. ಪೂಜೆಗಿಟ್ಟ ಸುತ್ತಿಗೆ ತಂದೆ ಅಂತ ಗೊತ್ತಾದ್ರೆ ಅಪ್ಪ ಬಯ್ತಾರೆ, ಅವರನ್ನ ಕೇಳೋ ಹಾಗಿಲ್ಲ ಅಂದ್ಲು."

ಯಾರು ಬಿಚ್ಚಿದರೂ ತಪ್ಪು ನನ್ನದೇ ಎಂದು ರಾಮಯ್ಯ ಅಂದದ್ದು ಯಾಕೆಂದು ಈಗ ಅರ್ಥವಾಯಿತು. ಎಡ ಬಲ ಬದಲಾದರೆ ಓಡಿದಷ್ಟೂ ಸಡಿಲ, ಒಂದು ಮಾತಿನ ವಿದ್ಯೆ. ಅದನ್ನು ಮಗಳಿಗೆ ಹೇಳಿಕೊಡದೆ ತನ್ನಲ್ಲೇ ಇಟ್ಟುಕೊಂಡಿದ್ದ.

"ಆಮೇಲೆ?"

"ಆಮೇಲೆ ಬೇರೆ ಯಾರಿಗೋ ಫೋನ್ ಮಾಡಿದ್ಲು. ಕೈಯೆಲ್ಲ ಗ್ರೀಸು, ಸ್ಪೀಕರ್ ಹಾಕಿದ್ಲು. ಜೀಪಿನ ಮುಂದಿನ ಹಬ್ಬು ಎಡ ಬಲ ಬದಲಾಯಿಸಿದ್ರೆ ತೊಂದ್ರೆನಾ ಅಂತ ಕೇಳಿದ್ಲು. ಆ ಕಡೆ ಒಬ್ರು ಹೆಂಗಸು. ನಿದ್ದೆಯಿಂದ ಎದ್ದವರ ಹಾಗೆ. 'ಎರಡೂ ಒಂದೇ ಕಣಮ್ಮ, ಹಾಕು. ಹಬ್ಬದ ದಿನಾನೂ ತಲೆ ತಿನ್ಬೇಡ' ಅಂದ್ರು." ಕಮಲಾದೇವಿಯವರು ನನ್ನನ್ನೇ ನೋಡುತ್ತಾ ನಿಲ್ಲಿಸಿದರು. "ಅವರ ದನಿನೂ ಸ್ವಲ್ಪ ನಿಮ್ಮ ಥರಾನೇ ಇತ್ತು."

ತಲೆ ತಿನ್ಬೇಡ. ಅದು ನನ್ನದೇ ಮಾತು.

ಹಬ್ಬದ ಊಟ, ಎರಡು ಹೋಳಿಗೆ, ಫ್ಯಾನಿನ ಕೆಳಗೆ ನಿದ್ದೆ. ಯಾವುದೋ ನಂಬರಿನಿಂದ ಯಾವುದೋ ಹುಡುಗಿ, ಜೀಪು, ಹಬ್ಬು ಅಂತ ಏನೋ. ಯಾವ ಗಾಡಿ, ಎಂಥ ಚಕ್ರ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಮಾಮೂಲಿ ಜೀಪಿಗೆ ಹೇಳುವ ಉತ್ತರ ಹೇಳಿ ಮಗ್ಗುಲು ಬದಲಿಸಿದ್ದೆ. ಮಾರನೇ ದಿನ ಆ ಮಾತೇ ಮರೆತು, ಅದೇ ಚಕ್ರದ ಪಕ್ಕ ನಿಂತು ನಿರ್ಲಕ್ಷ್ಯ ಅಂತ ಬರೆದಿದ್ದೆ.

ಫೋನ್ ತೆಗೆದು ಹಬ್ಬದ ದಿನದವರೆಗೆ ಜಾರಿಸಿದೆ. ಇತ್ತು. ಮಧ್ಯಾಹ್ನ ಮೂರು ಹತ್ತು, ಹೆಸರಿಲ್ಲದ ನಂಬರು, ನಲವತ್ತು ಸೆಕೆಂಡು.

ನಿಮಗೆ ನನ್ನ ನೆನಪಿದೆಯಾ ಮೇಡಂ, ಅಂದಿದ್ದಳು ಶೃತಿ. ಅಪ್ಪ ಜೈಲಿಗೆ ಹೋಗುವ ದಿನವೂ ಆ ಹುಡುಗಿ ನನ್ನ ಹೆಸರು ಯಾರ ಮುಂದೆಯೂ ಎತ್ತಿರಲಿಲ್ಲ.

"ಯಾಕೆ ತಾಯಿ, ಏನಾಯ್ತು? ನಾನು ಹೇಳಿದ್ದರಿಂದ ಏನಾದ್ರೂ ತಪ್ಪಾಯ್ತಾ?" ಎಂದು ಕಮಲಾದೇವಿಯವರು ನನ್ನ ತೋಳು ಹಿಡಿದುಕೊಂಡರು.

ಕೈಯಲ್ಲಿದ್ದ ಫೋನು ಅದುರಿತು. ಉಗ್ರಪ್ಪ.

"ಮೇಡಂ, ನಾಲ್ಕೂ ಐವತ್ತು. ರಾಮಯ್ಯ ಇಲ್ಲೇ ಬಂದು ಕೂತಿದಾನೆ, ಮಗಳೂ ಜೊತೆಗಿದಾಳೆ. ನಾನು ಪೆನ್ನು ಹಿಡ್ಕೊಂಡಿದೀನಿ. ಹೇಳಿ, ಯಾರ ಹೆಸರು ಬರ್ಕೊಳ್ಳಲಿ?"